ಕರಗದ ಚಿನ್ನವನ್ನು ಕರಗಿಸಿದ್ದು ಹೇಗೆ? ಕೆ.ಜಿ.ಎಫ್. ಕಲಿಸುವ ಒಂದು ರಸಾಯನ ಪಾಠ

ಭೂಪಟದಲ್ಲಿ ಸೂಳಗಿರಿಯಿಂದ ಈಶಾನ್ಯ ದಿಕ್ಕಿಗೆ ಒಂದು ನೇರ ಗೆರೆ ಎಳೆಯಿರಿ. ಐವತ್ತು ಕಿಲೋಮೀಟರ್ ಮುಗಿಯುವುದರೊಳಗೆ ಗೆರೆ ಕೋಲಾರದ ಚಿನ್ನದ ಗಣಿಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಕೆ.ಜಿ.ಎಫ್. ಅನ್ನು ಮುಟ್ಟುತ್ತದೆ. ನಡುವೆ ರಾಜ್ಯದ ಗಡಿ ಅಡ್ಡ ಬರುತ್ತದೆ ನಿಜ. ಆದರೆ ನೆಲದೊಳಗಿನ ಕಲ್ಲಿಗೆ ಗಡಿ ಗೊತ್ತಿಲ್ಲವಲ್ಲ! ಕೋಲಾರದ ಚಿನ್ನದ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಬ್ಬಿದೆ. ಅದರ ದಕ್ಷಿಣದ ತುದಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಮಹಾರಾಜಕಡೈ ಕಡೆಗೂ ಚಾಚಿಕೊಂಡಿದೆ. ಹೊಸೂರು, ಕೃಷ್ಣಗಿರಿ ತಾಲ್ಲೂಕುಗಳು ಸೇಲಂ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಆ ಜಿಲ್ಲೆಯಿಂದಲೂ ಉತ್ತರ ಆರ್ಕಾಟ್, ಚಿತ್ತೂರು ಜಿಲ್ಲೆಗಳಿಂದಲೂ ಜನ ಕೆಲಸ ಹುಡುಕಿಕೊಂಡು ಆ ಗಣಿಗೆ ಹೋಗುತ್ತಿದ್ದರು.

ಈಗ ನಮ್ಮ ಪಠ್ಯಪುಸ್ತಕ ತೆಗೆಯೋಣ. ಲೋಹಗಳ ಪಾಠದಲ್ಲಿ ಕ್ರಿಯಾಶೀಲತಾ ಸರಣಿ ಎಂಬ ಪಟ್ಟಿ ಇದೆ. ಮೇಲೆ ಪೊಟ್ಯಾಸಿಯಂ, ಸೋಡಿಯಂ. ನಡುವೆ ಸತು, ಕಬ್ಬಿಣ. ಕೆಳಗೆ ತಾಮ್ರ, ಬೆಳ್ಳಿ. ತೀರಾ ಕೊನೆಯ ಸಾಲಿನಲ್ಲಿ ಚಿನ್ನ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಗಾಳಿ ನೀರಿನಿಂದ ಅದಕ್ಕೆ ಏನೂ ಆಗುವುದಿಲ್ಲ ಎಂದು ಮಕ್ಕಳು ಓದುತ್ತಾರೆ. ಸರಿಯಾದ ಮಾತೇ. ಅಜ್ಜಿಯ ಕಾಲದ ಓಲೆ ಮೊಮ್ಮಗಳ ಕಿವಿಯಲ್ಲೂ ಹೊಳೆಯುವುದು ಅದಕ್ಕೇ.

ಹಾಗಿದ್ದರೆ ಒಂದು ಪ್ರಶ್ನೆ. ಇದೇ ಕೆ.ಜಿ.ಎಫ್.ನಲ್ಲಿ ದಶಕಗಳ ಕಾಲ ಚಿನ್ನವನ್ನು ನೀರಿನಲ್ಲಿ ಉಪ್ಪು ಕರಗಿಸಿದ ಹಾಗೆ ಕರಗಿಸಿ ಮತ್ತೆ ಹೊರಗೆ ತೆಗೆದರು. ಬೆಂಕಿಯಿಲ್ಲ, ತೀಕ್ಷ್ಣ ಆಮ್ಲವಿಲ್ಲ. ಕರಗಿಸಲು ಬೇಕಾದದ್ದು ಗಾಳಿ ಮತ್ತು ಒಂದು ದುರ್ಬಲ ದ್ರಾವಣ. ಮರಳಿ ತೆಗೆಯಲು ಬೇಕಾದದ್ದು ಸತುವಿನ ಪುಡಿ. ಏನೂ ಆಗದ ಲೋಹಕ್ಕೆ ಇದು ಹೇಗೆ ಸಾಧ್ಯವಾಯಿತು?

ಉತ್ತರ ಇರುವುದು ಮಕ್ಕಳು ಹೆದರುವ ಒಂದು ಪಾಠದಲ್ಲಿ. ಅದರ ಹೆಸರು ವಿದ್ಯುದ್ವಾರ ವಿಭವ.

ಗಣಿಯ ಕಥೆ

1802ರಲ್ಲಿ ಮೈಸೂರು ಸೀಮೆಯ ಸರ್ವೆ ಕೆಲಸದಲ್ಲಿದ್ದ ಜಾನ್ ವಾರೆನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಈ ಭಾಗದ ಚಿನ್ನದ ಬಗ್ಗೆ ವರದಿ ಬರೆದ. ಅವನಿಗೂ ಬಹಳ ಮೊದಲೇ ಇಲ್ಲಿನ ಜನ ಮಣ್ಣು ತೊಳೆದು, ಕಲ್ಲು ಕುಟ್ಟಿ ಚಿನ್ನ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬುವನು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಹುಡುಕಾಟ ಶುರು ಮಾಡಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಆಮೇಲೆ ಗಣಿಗಳು ಒಂದರ ಹಿಂದೆ ಒಂದರಂತೆ ಎದ್ದವು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 148 ಕಿ.ಮೀ. ತಂತಿಯ ಮೇಲೆ ಹರಿದು ಇಲ್ಲಿಗೆ ತಲುಪಿತು.

ಗಣಿಯಿಂದ ಬಂದ ಕಲ್ಲನ್ನು ಮೊದಲು ಭಾರಿ ಗುದ್ದುಯಂತ್ರಗಳಲ್ಲಿ ಪುಡಿ ಮಾಡುತ್ತಿದ್ದರು. ಆ ಪುಡಿಯನ್ನು ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತಿದ್ದವು, ಕಲ್ಲಿನ ಪುಡಿ ಮುಂದೆ ಹೋಗುತ್ತಿತ್ತು. ಆದರೆ ಬಹಳ ಸಣ್ಣ ಕಣಗಳು ಪಾದರಸಕ್ಕೆ ಸಿಗುತ್ತಿರಲಿಲ್ಲ. ಅವು ಕಲ್ಲಿನ ಪುಡಿಯ ಜೊತೆಗೇ ಹೊರಗೆ ಹೋಗಿ ರಾಶಿ ಬೀಳುತ್ತಿದ್ದವು. ಕಷ್ಟಪಟ್ಟು ಪಾತಾಳದಿಂದ ತಂದ ಚಿನ್ನದಲ್ಲಿ ಒಂದು ಪಾಲು ಕಸದ ಪಾಲು! ಜಗತ್ತಿನ ಚಿನ್ನದ ಗಣಿಗಳಿಗೆಲ್ಲ ಆಗ ಇದೇ ತಲೆನೋವು.

ಪರಿಹಾರ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಎಂಬ ರಸಾಯನ ತಜ್ಞ ಮತ್ತು ಫಾರೆಸ್ಟ್ ಎಂಬ ಇಬ್ಬರು ವೈದ್ಯ ಸಹೋದರರು 1887ರಲ್ಲಿ ಸಯನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗುವ ಸಂಗತಿ ಹೊಸದೇನಲ್ಲ. ಸ್ವೀಡನ್ನಿನ ಷೀಲೆ ಅದನ್ನು 1783ರಲ್ಲೇ ಗಮನಿಸಿದ್ದ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಇದೇ ದ್ರಾವಣವನ್ನು ಚಿನ್ನದ ಲೇಪಕ್ಕೆ ಬಳಸಿದ್ದ. 1846ರಲ್ಲಿ ಜರ್ಮನಿಯ ಎಲ್ಸ್‌ನರ್, ಗಾಳಿಯಲ್ಲಿರುವ ಆಕ್ಸಿಜನ್ ಇಲ್ಲದೆ ಚಿನ್ನ ಕರಗುವುದಿಲ್ಲ ಎಂದು ತೋರಿಸಿದ್ದ. ತೀರಾ ತೆಳುವಾದ ದ್ರಾವಣವೇ ಸಾಕು, ಕರಗಿದ ಚಿನ್ನವನ್ನು ಸತುವಿನಿಂದ ಮರಳಿ ಪಡೆಯಬಹುದು ಎಂದು ಗಣಿಯ ಮಟ್ಟದಲ್ಲಿ ಮಾಡಿ ತೋರಿಸಿದ್ದು ಗ್ಲಾಸ್ಗೋದವರು. ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ ಈ ವಿಧಾನ ಕೆ.ಜಿ.ಎಫ್.ಗೂ ಬಂತು. ಇವತ್ತಿಗೂ ಆ ಊರಿನ ಬೂದು ಬಣ್ಣದ ಗುಡ್ಡಗಳನ್ನು ಜನ ಸಯನೈಡ್ ದಿಬ್ಬಗಳು ಎಂದೇ ಕರೆಯುತ್ತಾರೆ.

ಕೆರೆಯಿಂದ ಕೆರೆಗೆ

ಇನ್ನು ರಸಾಯನಶಾಸ್ತ್ರಕ್ಕೆ ಬರೋಣ. ಮೈಲುತುತ್ತದ ನೀಲಿ ದ್ರಾವಣದಲ್ಲಿ ಸತುವಿನ ತುಂಡನ್ನು ಹಾಕಿ ಇಟ್ಟರೆ ಏನಾಗುತ್ತದೆ? ನೀಲಿ ಬಣ್ಣ ಮೆಲ್ಲಗೆ ಮಾಸುತ್ತದೆ. ಸತುವಿನ ಮೇಲೆ ಕೆಂಪು ಕಂದು ತಾಮ್ರ ಕೂರುತ್ತದೆ. ಸತು ತನ್ನ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯಿತು, ತಾಮ್ರ ಅವನ್ನು ತೆಗೆದುಕೊಂಡು ಲೋಹವಾಗಿ ಹೊರಬಂತು. ತಾಮ್ರದ ತುಂಡನ್ನು ಸತುವಿನ ಸಲ್ಫೇಟ್ ದ್ರಾವಣದಲ್ಲಿ ಹಾಕಿ ನೋಡಿ. ಒಂದು ವಾರ ಕಾದರೂ ಏನೂ ಆಗುವುದಿಲ್ಲ. ದಾರಿ ಒಂದೇ ಕಡೆಗೆ ತೆರೆದಿದೆ.

1836ರಲ್ಲಿ ಲಂಡನ್ನಿನ ಜಾನ್ ಫ್ರೆಡರಿಕ್ ಡೇನಿಯಲ್ ಈ ಎರಡನ್ನೂ ಬೇರೆ ಬೇರೆ ಇಟ್ಟು, ನಡುವೆ ರಂಧ್ರವುಳ್ಳ ತಡೆ ಹಾಕಿ, ಹೊರಗಿನಿಂದ ತಂತಿ ಜೋಡಿಸಿದ. ಸತುವಿನಿಂದ ತಾಮ್ರಕ್ಕೆ ನೇರವಾಗಿ ಹಾರುತ್ತಿದ್ದ ಎಲೆಕ್ಟ್ರಾನ್‌ಗಳು ಈಗ ತಂತಿಯ ಮೂಲಕ ಸುತ್ತಿ ಹೋಗಬೇಕಾಯಿತು. ಅದೇ ಡೇನಿಯಲ್ ಕೋಶ. ಅದರ ವೋಲ್ಟೇಜ್ ಸುಮಾರು 1.10.

ಈ 1.10 ಎಲ್ಲಿಂದ ಬಂತು? ನಮ್ಮ ಸೀಮೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ತಾನಾಗಿ ಹೋಗುತ್ತದೆ. ಯಾರೂ ಹೊರಬೇಕಿಲ್ಲ. ಕೆಳಗಿನ ಕೆರೆಯಿಂದ ಮೇಲಕ್ಕೆ ಹೋಗಬೇಕಾದರೆ ಮಾತ್ರ ಪಂಪು ಬೇಕು. ಪ್ರತಿ ಲೋಹವೂ ಎಲೆಕ್ಟ್ರಾನ್‌ಗಳ ಒಂದು ಕೆರೆ ಎಂದುಕೊಳ್ಳಿ. ಆ ಕೆರೆ ಎಷ್ಟು ಎತ್ತರದಲ್ಲಿದೆ ಎಂದು ಹೇಳುವ ಸಂಖ್ಯೆಯೇ ವಿದ್ಯುದ್ವಾರ ವಿಭವ. ಎತ್ತರ ಅಳೆಯಲು ಎಲ್ಲಿಂದಾದರೂ ಶುರು ಮಾಡಬೇಕಲ್ಲ? ಹೊಸೂರು ಸುಮಾರು 900 ಮೀಟರ್, ಕೃಷ್ಣಗಿರಿ ಸುಮಾರು 500 ಮೀಟರ್ ಎನ್ನುವಾಗ ಸಮುದ್ರವನ್ನು ಸೊನ್ನೆ ಎಂದು ಹಿಡಿಯುತ್ತೇವೆ. ಹಾಗೆಯೇ ಇಲ್ಲಿ ಹೈಡ್ರೋಜನ್ ವಿದ್ಯುದ್ವಾರವನ್ನು ಸೊನ್ನೆ ಎಂದು ಒಪ್ಪಿಕೊಂಡಿದ್ದಾರೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಲೆಕ್ಕ ತಿರುವುಮುರುವು. ಸಂಖ್ಯೆ ಋಣವಾದಷ್ಟೂ ಎಲೆಕ್ಟ್ರಾನ್ ಕೆರೆ ಎತ್ತರದಲ್ಲಿದೆ, ಧನವಾದಷ್ಟೂ ತಗ್ಗಿನಲ್ಲಿದೆ.

ಸತು: -0.76 ವೋಲ್ಟ್
ತಾಮ್ರ: +0.34 ವೋಲ್ಟ್
ಬೆಳ್ಳಿ: +0.80 ವೋಲ್ಟ್
ಚಿನ್ನ: ಸುಮಾರು +1.69 ವೋಲ್ಟ್

ಸತುವಿನಿಂದ ತಾಮ್ರಕ್ಕೆ ಇಳಿಜಾರು ಎಷ್ಟು? 0.34ರಿಂದ -0.76 ಕಳೆದರೆ 1.10. ಅದೇ ಡೇನಿಯಲ್ ಕೋಶದ ವೋಲ್ಟೇಜ್. ಎಲೆಕ್ಟ್ರಾನ್ ಪಡೆಯುವ ಕಡೆಯ ವಿಭವದಿಂದ ಕೊಡುವ ಕಡೆಯ ವಿಭವವನ್ನು ಕಳೆದಾಗ ಧನ ಸಂಖ್ಯೆ ಬಂದರೆ ಕ್ರಿಯೆ ತಾನಾಗಿ ನಡೆಯಬಲ್ಲದು. ಋಣ ಬಂದರೆ ಇಲ್ಲ. ಇಂಥ ಕ್ರಿಯೆಯನ್ನು ಸ್ವಯಂಪ್ರೇರಿತ ಕ್ರಿಯೆ ಎನ್ನುತ್ತೇವೆ. 1870ರ ದಶಕದಲ್ಲಿ ಅಮೆರಿಕದ ಗಿಬ್ಸ್ ಇದನ್ನೇ ಶಕ್ತಿಯ ಲೆಕ್ಕದಲ್ಲಿ ಹೇಳಿದ. ಡೇನಿಯಲ್ ಕೋಶದಲ್ಲಿ 65 ಗ್ರಾಂ ಸತು ಕರಗಿದರೆ ಸುಮಾರು 212 ಕಿಲೋಜೂಲ್ ಕೆಲಸಕ್ಕೆ ಬರುವ ಶಕ್ತಿ ಸಿಗುತ್ತದೆ.

ಸಹವಾಸದಿಂದ ಬದಲಾದ ಚಿನ್ನ

ಈಗ ಚಿನ್ನದ ಪ್ರಶ್ನೆ ಬಿಡಿಸೋಣ. ಕ್ಷಾರೀಯ ನೀರಿನಲ್ಲಿ ಆಕ್ಸಿಜನ್‌ನ ವಿಭವ +0.40. ಚಿನ್ನದ್ದು +1.69. ಚಿನ್ನದಿಂದ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಹೋಗಬೇಕಾದರೆ ತಗ್ಗಿನಿಂದ ದಿಬ್ಬಕ್ಕೆ ಹತ್ತಬೇಕು. ಕಳೆದು ನೋಡಿ, -1.29 ಬರುತ್ತದೆ. ಆದ್ದರಿಂದಲೇ ಅಜ್ಜಿಯ ಓಲೆ ಹಾಗೇ ಇದೆ.

ಸಯನೈಡ್ ಬಂದಾಗ ಏನು ಬದಲಾಗುತ್ತದೆ? ಚಿನ್ನದಿಂದ ಒಂದು ಅಯಾನು ಹೊರಬಂದ ಕೂಡಲೆ ಎರಡು ಸಯನೈಡ್ ಅಯಾನುಗಳು ಅದನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ. ಹಿಡಿತ ಎಷ್ಟು ಬಲ ಎಂದರೆ ದ್ರಾವಣದಲ್ಲಿ ಬಿಡಿಯಾದ ಚಿನ್ನದ ಅಯಾನು ಇಲ್ಲವೇ ಇಲ್ಲ ಎನ್ನಬಹುದು. ದ್ರಾವಣದಲ್ಲಿ ಅಯಾನು ಹತ್ತು ಪಟ್ಟು ಕಡಿಮೆಯಾದರೆ ಇಂಥ ಒಂದು ಎಲೆಕ್ಟ್ರಾನ್ ಕ್ರಿಯೆಯಲ್ಲಿ ವಿಭವ ಸುಮಾರು 0.059 ವೋಲ್ಟ್ ಇಳಿಯುತ್ತದೆ. ಇದು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ಕೊಟ್ಟ ನಿಯಮ. ಸಯನೈಡ್ ಜೊತೆಯಲ್ಲಿ ಚಿನ್ನದ ವಿಭವ +1.69ರಿಂದ ಸುಮಾರು -0.60ಕ್ಕೆ ಇಳಿಯುತ್ತದೆ. 2.29 ವೋಲ್ಟ್ ಇಳಿಕೆ! ಅದನ್ನು 0.059ರಿಂದ ಭಾಗಿಸಿದರೆ 38ಕ್ಕಿಂತ ಹೆಚ್ಚು. ಅಂದರೆ ಸಯನೈಡಿನ ಹಿಡಿತದ ಬಲವನ್ನು ಬರೆಯಲು ಒಂದರ ಮುಂದೆ 38 ಸೊನ್ನೆ ಹಾಕಿದರೂ ಸಾಲದು.

ಸಂಖ್ಯೆ ಋಣವಾಯಿತು ಎಂದರೆ ಕೆರೆ ಮೇಲೆದ್ದಿತು ಎಂದರ್ಥ. ತಗ್ಗಿನಲ್ಲಿದ್ದ ಚಿನ್ನದ ಕೆರೆ ಆಕ್ಸಿಜನ್‌ಗಿಂತ ಎತ್ತರಕ್ಕೆ ಬಂತು. ಈಗ ಕಳೆದು ನೋಡಿ: 0.40ರಿಂದ -0.60 ಕಳೆದರೆ +1.00. ಕ್ರಿಯೆ ತಾನಾಗಿ ನಡೆಯಬಲ್ಲದು. ಚಿನ್ನ ಅದೇ, ಗಾಳಿಯೂ ಅದೇ. ಬದಲಾದದ್ದು ಸಹವಾಸ ಮಾತ್ರ. ಚಿನ್ನಕ್ಕೆ ಏನೂ ಆಗುವುದಿಲ್ಲ ಎಂಬುದು ಚಿನ್ನ ಒಂದರದ್ದೇ ಗುಣ ಅಲ್ಲ. ಅದು ಎದುರಿಗೆ ಯಾರಿದ್ದಾರೆ, ಸುತ್ತ ಏನಿದೆ ಎಂಬುದನ್ನೂ ಸೇರಿಸಿಕೊಂಡ ಮಾತು. ಸ್ವಾರಸ್ಯ ನೋಡಿ, ಗ್ಲಾಸ್ಗೋದವರು ಪೇಟೆಂಟ್ ಪಡೆದದ್ದು 1887ರಲ್ಲಿ, ನೆರ್ನ್‌ಸ್ಟ್ ಸೂತ್ರ ಬಂದದ್ದು 1889ರಲ್ಲಿ. ಕೆಲಸ ಮುಂದೆ ಹೋಯಿತು, ವಿವರಣೆ ಹಿಂದಿನಿಂದ ಬಂತು.

ಮುಂದಿನ ಹೆಜ್ಜೆ ಸತುವಿನದು. ಸಯನೈಡ್ ದ್ರಾವಣದಲ್ಲಿ ಸತುವಿನ ವಿಭವ ಸುಮಾರು -1.26. ಅದು ಚಿನ್ನಕ್ಕಿಂತ ಇನ್ನೂ 0.66 ವೋಲ್ಟ್ ಎತ್ತರ. ಆದ್ದರಿಂದ ಚಿನ್ನ ಕರಗಿದ ದ್ರಾವಣವನ್ನು ಸತುವಿನ ಸಿಪ್ಪೆಗಳ ಮೇಲೆ ಹರಿಸಿದರೆ ಸತು ಎಲೆಕ್ಟ್ರಾನ್ ಕೊಟ್ಟು ತಾನು ಕರಗುತ್ತದೆ, ಚಿನ್ನ ಮತ್ತೆ ಲೋಹವಾಗಿ ಕಪ್ಪು ಕೆಸರಿನಂತೆ ಹೊರಬೀಳುತ್ತದೆ. ತಂತಿಯಿಲ್ಲ, ಬ್ಯಾಟರಿಯಿಲ್ಲ. ಸತುವಿನ ಪ್ರತಿ ಚೂರೂ ಒಂದು ಪುಟ್ಟ ವಿದ್ಯುತ್ಕೋಶ. ಮೈಲುತುತ್ತ ಮತ್ತು ಸತುವಿನ ಪ್ರಯೋಗವೇ ಇಲ್ಲಿ ಗಣಿಯ ಗಾತ್ರಕ್ಕೆ ಬೆಳೆದಿದೆ ಅಷ್ಟೆ.

ಮುಂದೆ ಅಮೆರಿಕದ ಮೆರಿಲ್ ಎಂಬಾತ ಸಿಪ್ಪೆಯ ಬದಲು ಸತುವಿನ ನುಣ್ಣನೆಯ ಪುಡಿಯನ್ನು ಬಳಕೆಗೆ ತಂದ. 1916ರ ಹೊತ್ತಿಗೆ ಕ್ರೋ ಎಂಬ ಇನ್ನೊಬ್ಬ, ಸತು ಹಾಕುವ ಮೊದಲು ದ್ರಾವಣದಲ್ಲಿರುವ ಗಾಳಿಯನ್ನು ನಿರ್ವಾತದಿಂದ ಎಳೆದು ತೆಗೆಯಬೇಕು ಎಂದು ತೋರಿಸಿದ. ಯಾಕೆ? ಮಕ್ಕಳಿಗೆ ಈ ಪ್ರಶ್ನೆ ಕೊಟ್ಟು ನೋಡಿ. ಆಕ್ಸಿಜನ್ ಉಳಿದಿದ್ದರೆ ಹೊರಬಂದ ಚಿನ್ನ ಮತ್ತೆ ಕರಗಲು ದಾರಿ ತೆರೆದಿರುತ್ತದೆ, ಸತುವೂ ವೃಥಾ ಸವೆಯುತ್ತದೆ. ಮೊದಲ ಹೆಜ್ಜೆಗೆ ಬೇಕೇ ಬೇಕಾದ ಗಾಳಿ ಎರಡನೇ ಹೆಜ್ಜೆಗೆ ಶತ್ರು!

(ಇದು ಓದಿ ತಿಳಿಯಬೇಕಾದ ವಿಷಯ, ಮಾಡಿ ನೋಡುವುದಲ್ಲ. ಸಯನೈಡ್ ಪ್ರಾಣಾಂತಕ ವಿಷ. ಶಾಲೆಯಲ್ಲಿ ಮಾಡಲು ಮೈಲುತುತ್ತ ಮತ್ತು ಸತುವೇ ಸಾಕು.)

ತಾನಾಗಿ ಎಂದರೆ ಏನು?

ತಾನಾಗಿ ನಡೆಯುತ್ತದೆ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಕನ್ನಡದಲ್ಲಿ ಆ ಮಾತಿಗೆ ಬೇಗ, ಬಿಟ್ಟಿ, ನಿರಪಾಯ ಎಂಬ ನೆರಳೂ ಅಂಟಿಕೊಂಡಿದೆ. ರಸಾಯನಶಾಸ್ತ್ರದಲ್ಲಿ ಈ ಮೂರೂ ಅರ್ಥ ಇಲ್ಲ. ಕೆ.ಜಿ.ಎಫ್. ಇದನ್ನು ಚೆನ್ನಾಗಿ ತೋರಿಸುತ್ತದೆ.

ಒಂದು, ತಾನಾಗಿ ಎಂದರೆ ಬೇಗ ಅಲ್ಲ. ವಿಭವದ ಲೆಕ್ಕ ದಾರಿ ಯಾವ ಕಡೆಗೆ ಎಂದು ಹೇಳುತ್ತದೆ, ಎಷ್ಟು ಹೊತ್ತು ಎಂದು ಹೇಳುವುದಿಲ್ಲ. +1.00 ವೋಲ್ಟ್ ಇಳಿಜಾರಿದ್ದರೂ ಕಲ್ಲಿನ ಪುಡಿಯಲ್ಲಿರುವ ಚಿನ್ನ ಕರಗಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಅದಕ್ಕೇ ಕಲ್ಲನ್ನು ಹಿಟ್ಟಿನಂತೆ ಅರೆಯುವುದು, ತೊಟ್ಟಿಗಳಿಗೆ ಗಾಳಿ ಊದುವುದು. ವಜ್ರ ಗ್ರಾಫೈಟ್ ಆಗುವುದೂ ಸ್ವಯಂಪ್ರೇರಿತ ಕ್ರಿಯೆಯೇ. ಹಾಗೆಂದು ಯಾರ ಉಂಗುರದ ವಜ್ರವೂ ಪೆನ್ಸಿಲ್ ಸೀಸವಾದದ್ದನ್ನು ನಾವು ಕಂಡಿಲ್ಲ.

ಎರಡು, ತಾನಾಗಿ ಎಂದರೆ ಬಿಟ್ಟಿ ಅಲ್ಲ. ಲೆಕ್ಕದ ಪ್ರಕಾರ ಒಂದು ಕಿಲೋ ಚಿನ್ನವನ್ನು ಮರಳಿ ತರಲು ಕನಿಷ್ಠ 166 ಗ್ರಾಂ ಸತು ಸಾಕು, ವಾಸ್ತವದಲ್ಲಿ ಇನ್ನೂ ಹೆಚ್ಚು ಬೇಕು. ಆ ಸತು ಎಲ್ಲಿಂದ ಬಂತು? ಅದಿರಿನಿಂದ ಸತುವನ್ನು ಬಿಡಿಸುವುದು ಸಾಮಾನ್ಯ ಉಷ್ಣತೆಯಲ್ಲಿ ತಾನಾಗಿ ನಡೆಯುವ ಕೆಲಸವಲ್ಲ. ರಾಜಸ್ಥಾನದ ಜಾವರ್‌ನಲ್ಲಿ ನಮ್ಮ ಪೂರ್ವಿಕರು ಶತಮಾನಗಳ ಹಿಂದೆಯೇ ಮೂಸೆಗಳನ್ನು ಕಾಯಿಸಿ, ಸತುವನ್ನು ಆವಿ ಮಾಡಿ ಇಳಿಸುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ವಿದ್ಯುತ್ತಿನಿಂದ ಬಿಡಿಸುವ ವಿಧಾನ ಹೆಚ್ಚಾಗಿ ಬಳಕೆಗೆ ಬಂತು. ಯಾರೋ ಎಲ್ಲೋ ಬೆಂಕಿ ಉರಿಸಿ, ಕರೆಂಟು ಹರಿಸಿ ಸತುವನ್ನು ಎತ್ತರದ ಕೆರೆಗೆ ಏರಿಸಿದ್ದಾರೆ. ಅದು ಇಲ್ಲಿ ತಾನಾಗಿ ಇಳಿಯುತ್ತದೆ. ಬ್ಯಾಟರಿ ಸ್ಕೂಟರಿನದೂ ಇದೇ ಕಥೆ. 2021ರಿಂದ ಈಚೆಗೆ ನಮ್ಮ ಹೊಸೂರು ಮತ್ತು ಪೋಚಂಪಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಅಂಥ ಲಕ್ಷಾಂತರ ಸ್ಕೂಟರ್ ತಯಾರಾಗಿವೆ. ರಾತ್ರಿ ಚಾರ್ಜ್ ಮಾಡುವುದು ಪಂಪು ಹೊಡೆದ ಹಾಗೆ, ಹಗಲು ಓಡಿಸುವುದು ಕೋಡಿ ಹರಿದ ಹಾಗೆ.

ಗಣಿಯ ಲೆಕ್ಕದಲ್ಲಿ ಇನ್ನೂ ದೊಡ್ಡ ಬೆಲೆ ತೆತ್ತವರು ಮನುಷ್ಯರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿನ ಕಲ್ಲಿನ ಶಾಖ 60 ಡಿಗ್ರಿ ದಾಟುತ್ತಿತ್ತು. ಕಲ್ಲಿನ ಪುಡಿ ಉಸಿರಿನೊಳಗೆ ಸೇರಿ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು ಕೆ.ಜಿ.ಎಫ್.ನಿಂದ, 1934ರಲ್ಲಿ. ಸತುವಿನ ತೊಟ್ಟಿಯಲ್ಲಿ ಚಿನ್ನ ತಾನಾಗಿ ಹೊರಬಂದಿತು ನಿಜ. ಆದರೆ ಕಲ್ಲು ತಾನಾಗಿ ಮೇಲೆ ಬರಲಿಲ್ಲ.

ಮೂರು, ತಾನಾಗಿ ಎಂದರೆ ನಿರಪಾಯ ಅಲ್ಲ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕೆಲಸ ನಿಂತಿತು, ರಸಾಯನ ಕ್ರಿಯೆ ನಿಲ್ಲಲಿಲ್ಲ. ಅರೆದು ಬಿಟ್ಟ ಕಲ್ಲಿನ ಪುಡಿ ಸುಮಾರು 3.3 ಕೋಟಿ ಟನ್, 13 ದಿಬ್ಬಗಳಾಗಿ ಅಲ್ಲೇ ಉಳಿಯಿತು. ಸಯನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಆದರೆ ಚಿನ್ನದ ಅದಿರಿನ ಜೊತೆ ಬರುವ ಕಬ್ಬಿಣ ಮತ್ತು ಗಂಧಕದ ಖನಿಜಗಳ ಮಾತು ಬೇರೆ. ಅವು ನೆಲದಾಳದಲ್ಲಿ ಗಾಳಿ ತಾಗದೆ ಸುಮ್ಮನಿದ್ದವು. ಪುಡಿಯಾಗಿ ಮೇಲೆ ಬಂದು ಗಾಳಿ, ಮಳೆನೀರಿಗೆ ಸಿಕ್ಕರೆ ಅವೂ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಕೊಡತೊಡಗುತ್ತವೆ. ಇಂಥ ಕಡೆ ಆಮ್ಲ ಹುಟ್ಟಬಹುದು, ಲೋಹಗಳು ನೀರಿಗೆ ಇಳಿಯಬಹುದು. ಇದಕ್ಕೂ ಯಾರ ಅಪ್ಪಣೆ ಬೇಕಿಲ್ಲ, ಇದೂ ಸ್ವಯಂಪ್ರೇರಿತ. ಇನ್ನು ಗಾಳಿ ಬೀಸಿದಾಗ ದಿಬ್ಬದ ನುಣ್ಣನೆಯ ಧೂಳು ಮನೆ ಮನೆಗೆ ಬರುವುದು ಅಲ್ಲಿನ ಜನರಿಗೆ ಹಳೆಯ ಅನುಭವ. ದಿಬ್ಬಗಳಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. ಅದನ್ನು ತೆಗೆಯುವ ಕೇಂದ್ರ ಸರ್ಕಾರದ ಯೋಜನೆಗೆ 2024ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬ ಅಲುಗಿದರೆ ಚಿನ್ನದ ಜೊತೆಗೆ ಧೂಳಿನ ಲೆಕ್ಕವೂ ನೀರಿನ ಲೆಕ್ಕವೂ ಬರೆಯಬೇಕಾಗುತ್ತದೆ.

ತರಗತಿಗೆ ಮೂರು ಪ್ರಶ್ನೆ

ವಿದ್ಯುದ್ವಾರ ವಿಭವದ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಕ್ರಿಯೆ ತಾನಾಗಿ ನಡೆಯುತ್ತದೆ ಎಂದು ಬರೆದ ಮೇಲೆ ಮಕ್ಕಳು ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಯಾರ ಸಹವಾಸದಲ್ಲಿ ತಾನಾಗಿ? ಅದನ್ನು ಎತ್ತರಕ್ಕೆ ಏರಿಸಿದವರು ಯಾರು? ಎಲ್ಲ ಮುಗಿದ ಮೇಲೆ ಉಳಿಯುವುದು ಏನು, ಯಾರ ಅಂಗಳದಲ್ಲಿ?

ಮೊದಲನೆಯದು ರಸಾಯನಶಾಸ್ತ್ರದ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹುಡುಕಲು ಚರಿತ್ರೆಯ ಪುಸ್ತಕ ತೆಗೆಯಬೇಕು. ಮೂರನೆಯದಕ್ಕೆ ಐವತ್ತು ಕಿಲೋಮೀಟರ್ ಆಚೆ, ಆ ಬೂದು ದಿಬ್ಬಗಳ ನೆರಳಿನಲ್ಲಿ ನಮ್ಮ ಮಕ್ಕಳ ವಯಸ್ಸಿನ ಮಕ್ಕಳೇ ಬೆಳೆಯುತ್ತಿದ್ದಾರೆ. ಅವರ ಊರಿನ ಹೆಸರು ಹೇಳಿ ಈ ಪಾಠ ಮಾಡಿದರೆ ನಮ್ಮ ಮಕ್ಕಳಿಗೆ ಸಂಖ್ಯೆಗಳೂ ನೆನಪಿರುತ್ತವೆ, ಮನುಷ್ಯರೂ ನೆನಪಿರುತ್ತಾರೆ. ಏನಂತೀರಿ?